ಅಜ್ಜಿಯನ್ನು ತೂಗಿದ ಬುಧವಾರ

ಈಗ ಹೊಸದಾಗಿ ಕೆಲಸಕ್ಕೆ ಸೇರುವ ನರ್ಸ್ ಹುಡುಗಿಯರು ನನ್ನನ್ನು ನೋಡಲು ಬಂದಾಗ ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ. "ಸಿಸ್ಟರ್, ಇಂಜೆಕ್ಷನ್ ಹಾಕುವಾಗ ಮಗು ಅತ್ತರೆ ಏನು ಮಾಡಬೇಕು?" ಅಳಲಿ ಬಿಡಿ, ಅಳುವುದು ಮಗುವಿನ ಕೆಲಸ, ನೀವು ನಿಮ್ಮ ಕೆಲಸ ಮಾಡಿ ಎನ್ನುತ್ತೇನೆ. ಕಲಿಯಬೇಕಾದ ವಿದ್ಯೆ ಬೇರೆ ಇದೆ. ಅಜ್ಜಿ ಬೇಡ ಅಂದರೆ ಏನು ಮಾಡಬೇಕು? ಅದನ್ನು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ. ನನಗೂ ಯಾರೂ ಹೇಳಿಕೊಡಲಿಲ್ಲ, ಒದ್ದಾಡಿ ಕಲಿತೆ. ಅದಕ್ಕೇ ಬರೆದಿಡುತ್ತಿದ್ದೇನೆ.

ನಾನು ಸರೋಜಾ. ವೆಸ್ಟ್ ಮಾಂಬಲಂನಲ್ಲೇ ಹುಟ್ಟಿ ಬೆಳೆದವಳು. ತಾತನ ಕಾಲಕ್ಕೇ ಮದರಾಸಿಗೆ ಬಂದ ಮಾಧ್ವರ ಮನೆ ನಮ್ಮದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಜಗಳ ಬಂದರೆ ಎರಡೂ. ನಗರದ ಆರೋಗ್ಯ ಕೇಂದ್ರಗಳಲ್ಲಿ ಬಸುರಿ, ಬಾಣಂತಿ, ಕೂಸುಗಳನ್ನು ನೋಡಿಕೊಳ್ಳುವ ನರ್ಸ್ ಆಗಿ ಇಡೀ ಸರ್ವೀಸು ಕಳೆದೆ. ಬಡ್ತಿಯ ವಿಷಯ ಬರೆಯುವುದಿಲ್ಲ. ಬಂದದ್ದು ತಡವಾಗಿ, ಬಂದ ಮೇಲೆ ಹೆಚ್ಚಿದ್ದು ಮೀಟಿಂಗು ಮಾತ್ರ.

ಮೊದಲ ಪೋಸ್ಟಿಂಗು ಪುರಸೈವಾಕ್ಕಂನಲ್ಲಿ. ಜವಳಿ ಅಂಗಡಿಗಳ ಹಿಂದಿನ ಸಂದಿಯಲ್ಲಿ ನಮ್ಮ ಚಿಕ್ಕ ಕೇಂದ್ರ. ಆಗ ತಕ್ಕಡಿ ಅಂದರೆ ಒಂದು ಸ್ಪ್ರಿಂಗು, ಕೆಳಗೆ ಕೊಕ್ಕೆ, ಕೊಕ್ಕೆಗೆ ಬಟ್ಟೆಯ ಜೋಲಿ. ಬಾಗಿಲ ತೊಲೆಗೆ ಅದನ್ನು ತೂಗುಹಾಕಿ ಕೂಸನ್ನು ಜೋಲಿಯಲ್ಲಿ ಕೂರಿಸಿದರೆ ಮುಳ್ಳು ಸರಿದು ತೂಕ ತೋರಿಸುತ್ತಿತ್ತು. ನನಗೋ ಹೊಸ ಕೆಲಸದ ಹುಮ್ಮಸ್ಸು. ಒಂದು ದಿನ ದುಂಡು ದುಂಡಾದ ಗಂಡು ಕೂಸೊಂದು ಬಂತು. ಮುಳ್ಳು ನೋಡಿ ಖುಷಿಯಾಗಿ ಇಡೀ ಸಂದಿಗೆ ಕೇಳುವ ಹಾಗೆ ತೂಕವನ್ನು ಕೂಗಿದೆ, ಜೊತೆಗೆ "ನೋಡಿ, ಮಗು ಅಂದ್ರೆ ಹೀಗಿರಬೇಕು!" ಎಂದೂ ಸೇರಿಸಿದೆ. ಆ ತಾಯಿ ಕೂಸನ್ನು ಕಿತ್ತುಕೊಂಡು, ಸೆರಗು ಹೊದಿಸಿ, ಹೊರಟೇಹೋದಳು.

ಮುಂದಿನ ವಾರ ತೂಗಲು ಒಂದು ನರಪಿಳ್ಳೆಯೂ ಬರಲಿಲ್ಲ. ಕೂಸಿಗೆ ಅದೇ ಸಂಜೆ ಜ್ವರ ಬಂದಿತ್ತಂತೆ. ಹೊಸ ನರ್ಸಮ್ಮನ ಕಣ್ಣು ಕೊಳ್ಳಿಕಣ್ಣು, ಅವಳ ದೃಷ್ಟಿಯೇ ತಾಗಿದ್ದು ಎಂದು ಸಂದಿಯೆಲ್ಲ ಸುದ್ದಿ. ನಮ್ಮ ಹಿರಿಯ ನರ್ಸ್ ರಾಜಮ್ಮಾಳ್ ಅಕ್ಕ ಬೈಯಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಹೇಳಿದರು: "ತೂಕ ತಾಯಿ ಕಿವಿಗೆ ಹೇಳೋದು ಸರೋಜಾ, ಊರಿಗಲ್ಲ. ನಿನಗೆ ದೃಷ್ಟೀಲಿ ನಂಬಿಕೆ ಇದೆಯೋ ಇಲ್ವೋ ಯಾರು ಕೇಳಿದ್ರು? ಅವಳಿಗಿದೆ. ನಾಳೆ ಅವಳು ಬರಬೇಕೋ ಬೇಡ್ವೋ, ಅಷ್ಟು ನೋಡು." ಅಂದಿನಿಂದ ಮುಳ್ಳನ್ನು ತಾಯಿಯ ಕಡೆಗೆ ತಿರುಗಿಸಿ ಬಾಯಿ ಮುಚ್ಚಿಕೊಂಡಿರುವುದನ್ನು ಕಲಿತೆ. ನನ್ನಂಥ ಬಾಯಿಬಡುಕಿಗೆ ಅದು ಸಣ್ಣ ಸಾಧನೆಯಲ್ಲ.

ಕೆಲಸದ ರೀತಿ ಎಷ್ಟು ಬದಲಾಯಿತು ಅಂದರೆ ಈಗಿನವರಿಗೆ ನಂಬಿಕೆ ಬರುವುದಿಲ್ಲ. ಗಾಜಿನ ಸಿರಿಂಜನ್ನು ಅನ್ನ ಬೇಯಿಸಿದ ಹಾಗೆ ಕುದಿಸಿ ಕುದಿಸಿ ಬಳಸುತ್ತಿದ್ದೆವು. ಲಸಿಕೆಯ ಐಸ್ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದರೆ ಕಂಡಕ್ಟರು "ಏನಮ್ಮಾ, ಐಸ್ ಕ್ರೀಮಾ?" ಎನ್ನುತ್ತಿದ್ದ. ಈಗ ಒಂದೇ ಚುಚ್ಚಿಗೆ ಐದು ರೋಗದ ಕಾವಲು, ತೂಕಕ್ಕೆ ಡಿಜಿಟಲ್ ತಟ್ಟೆ, ಎಲ್ಲವನ್ನೂ ಬರೆದಿಡಲು ಫೋನು. ಹಳೆಯದೇ ಚೆನ್ನಾಗಿತ್ತು ಎಂದು ಹಲುಬುವವಳು ನಾನಲ್ಲ. ಹೊಸದು ಬಂದಾಗಲೆಲ್ಲ ಕುಣಿದಿದ್ದೇನೆ. ಬದಲಾಗದೆ ಉಳಿದದ್ದು ಅಜ್ಜಿಯರು ಮಾತ್ರ, ಅವರು ಬದಲಾಗುವುದೂ ಬೇಡ.

ಕೊನೆಯ ಪೋಸ್ಟಿಂಗು ನಗರದಂಚಿನ ಶೋಳಿಂಗನಲ್ಲೂರ್. ಮೊದಮೊದಲು ನನಗೆ ಅಲ್ಲಿ ಕೈತುಂಬ ಕೆಲಸವೇ ಇರಲಿಲ್ಲ. ಹಳೆ ಊರಿನ ಭಾಗದವರು ಕೇಂದ್ರಕ್ಕೆ ಬರುತ್ತಿದ್ದರು. ಆಕಾಶದೆತ್ತರದ ಅಪಾರ್ಟ್‌ಮೆಂಟುಗಳಿಂದ ಮಾತ್ರ ಯಾರೂ ಇಳಿಯುತ್ತಿರಲಿಲ್ಲ. ಸರ್ಕಾರದ ಲಸಿಕೆ ಬಡವರಿಗೆ ಎಂದು ಅವರ ಲೆಕ್ಕ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗೆ. ನಾನೇ ಹೋದೆ. ಗೇಟಿನಲ್ಲಿ ಸೆಕ್ಯೂರಿಟಿಯವನು ಯಾವ ಫ್ಲಾಟಿಗೆ ಎಂದು ಕೇಳಿದ. ಕೂಸು ಇರುವ ಫ್ಲಾಟಿಗೆಲ್ಲ ಎಂದೆ. ಒಳಗೆ ಬಿಡಲಿಲ್ಲ. ಸಂಜೆ ಅಪಾರ್ಟ್‌ಮೆಂಟಿನ ಪಾರ್ಕಿಗೆ ಕೂಸುಗಳನ್ನು ಎತ್ತಿಕೊಂಡು ಅಜ್ಜಿಯರು ಇಳಿಯುತ್ತಾರೆ ಎಂದು ಕೊನೆಗೆ ಅವನೇ ಹೇಳಿದ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದುಕೊಂಡು, ಅಲ್ಲಿನ ಸಂಘದವರ ಒಪ್ಪಿಗೆ ಪಡೆದು, ಪಾರ್ಕಿನ ಪಕ್ಕದ ಕೋಣೆಯಲ್ಲಿ ಪ್ರತಿ ಬುಧವಾರ ಮೇಜು ಹಾಕಿಕೊಂಡು ಕೂತೆ. ನಮ್ಮಲ್ಲಿ ಲಸಿಕೆಯ ದಿನ ಬುಧವಾರವೇ.

ಅಲ್ಲೇ ಜಯಮ್ಮ ಸಿಕ್ಕಿದ್ದು.

ಪಾರ್ಕಿನ ಕಲ್ಲುಬೆಂಚಿನ ಮೇಲೆ ಒಬ್ಬ ಹೆಂಗಸು ಕೂಸಿಗೆ ಸ್ವೆಟರು, ಕುಲಾವಿ, ಕಾಲುಚೀಲ ಎಲ್ಲ ಹಾಕಿ ಕೂತಿದ್ದರು. ಚೆನ್ನೈ ಸೆಕೆಯಲ್ಲಿ! "ಲೇ ಸಿರಿ, ಅಳಬ್ಯಾಡ ಕಣೆ ನಮ್ಮವ್ವ" ಎಂದು ಕನ್ನಡ ಕೇಳಿಸಿದ್ದೇ ನಾನು ಹೋಗಿ ಪಕ್ಕದಲ್ಲಿ ಕೂತುಬಿಟ್ಟೆ. ಮದ್ದೂರಿನ ಕಡೆಯವರು. ಮಗ ಮಹೇಶ ಮತ್ತು ಸೊಸೆ ಕಾವ್ಯ ಇಬ್ಬರೂ ಇಲ್ಲೇ ಕಂಪನಿಗಳಲ್ಲಿ ಕೆಲಸ. ಕಾವ್ಯ ತವರಿನಲ್ಲಿ ಬಾಣಂತನ ಮುಗಿಸಿ ಬಂದ ಮೇಲೆ ಕೂಸನ್ನು ನೋಡಿಕೊಳ್ಳಲು ಅತ್ತೆ ಬಂದಿದ್ದರು. "ನಿನ್ ಕನ್ನಡ ಅರ್ಧ ತಮಿಳು ಕಣವ್ವ" ಎಂದು ಮೊದಲ ದಿನವೇ ನನ್ನನ್ನು ಗೇಲಿ ಮಾಡಿದರು. ನನಗೆ ಆಕೆ ಹಿಡಿಸಿದರು.

ಆದರೆ ಕೂಸಿನ ಸ್ಥಿತಿ ಹಿಡಿಸಲಿಲ್ಲ. ಏಳು ತಿಂಗಳ ಕೂಸಿನ ಕಾಲಿನ ಚರ್ಮ ಸಡಿಲವಾಗಿತ್ತು. ಕಣ್ಣು ದೊಡ್ಡದಾಗಿ, ಮುಖ ಸಣ್ಣದಾಗಿ ಕಾಣುತ್ತಿತ್ತು. ಅಳುವುದಕ್ಕೂ ಸುಸ್ತು. ಸ್ವೆಟರು ಬರೀ ಚಳಿಗೆ ಹಾಕಿದ್ದಲ್ಲ, ನಾಲ್ಕು ಜನ ನೋಡಬಾರದೆಂದೂ ಹಾಕಿದ್ದು ಎಂದು ನನಗೆ ಹೊಳೆಯಿತು.

"ಜಯಮ್ಮನವರೇ, ಒಂದ್ಸಲ ತೂಕ ನೋಡೋಣ್ವಾ?" ಎಂದೆ.

"ಬ್ಯಾಡ" ಎಂದರು. ಕೂಸನ್ನು ಎದೆಗೆ ಅವುಚಿಕೊಂಡು ಎದ್ದೇಬಿಟ್ಟರು.

ಮರುದಿನ ಕಾವ್ಯ ಆಫೀಸಿನಿಂದ ಬರುವ ಹೊತ್ತಿಗೆ ನಾನು ಗೇಟಿನ ಬಳಿ ಕಾದಿದ್ದೆ. ಕ್ಯಾಬಿನಿಂದ ಇಳಿದ ಹುಡುಗಿಗೆ ನಾನು ಯಾರು ಎಂದು ಹೇಳುತ್ತಿದ್ದಂತೆ ಅವಳ ಕಣ್ಣು ತುಂಬಿಕೊಂಡಿತು. ವಿಷಯ ಹೀಗಿತ್ತು. ಮದುವೆಯಾಗಿ ಬಹಳ ವರ್ಷ ಮಕ್ಕಳಾಗಿರಲಿಲ್ಲ, ಆದ ಬಸಿರೂ ನಿಂತಿರಲಿಲ್ಲ. ಜಯಮ್ಮ ತಿಮ್ಮಪ್ಪನಿಗೆ ಹರಕೆ ಹೊತ್ತರು. ಮಗು ಉಳಿದರೆ ವರ್ಷ ತುಂಬಿದಾಗ ಅದರ ತೂಕದ ಬೆಲ್ಲದಲ್ಲಿ ತುಲಾಭಾರ. ಅದಕ್ಕೆ ಮುಂಚೆ ಕೂಸು ಬೇರೆ ಯಾವ ತಕ್ಕಡಿಯನ್ನೂ ಏರಬಾರದು. ದೇವರು ತೂಗುವ ಮುಂಚೆ ಮನುಷ್ಯರು ತೂಗಿದರೆ ಎಂಜಲಾದಂತೆ ಎಂಬುದು ಅವರ ಗಟ್ಟಿ ನಂಬಿಕೆ. ಆಸ್ಪತ್ರೆಯಲ್ಲಿ ಹುಟ್ಟಿದ ಕೂಡಲೇ ತೂಗಿದ್ದಕ್ಕೇ ತಪ್ಪುಕಾಣಿಕೆ ಕಟ್ಟಿಟ್ಟಿದ್ದರಂತೆ.

"ನೀವು ಓದಿದವರು. ನೀವಾದ್ರೂ ಡಾಕ್ಟರ ಹತ್ರ ಕರ್ಕೊಂಡು ಹೋಗಬಹುದಿತ್ತಲ್ಲಮ್ಮಾ?" ಎಂದೆ.

"ಹೋದ್ರೆ ಮೊದಲು ತೂಕವೇ ನೋಡ್ತಾರೆ ಆಂಟಿ. ಹರಕೆ ಮುರಿದು ನಾಳೆ ಏನಾದ್ರೂ ಆದ್ರೆ? ಅತ್ತೆ ಮಾತು ಹಾಗಿರಲಿ, ನನ್ನನ್ನ ನಾನೇ ಕ್ಷಮಿಸಿಕೊಳ್ಳಲ್ಲ." ಕಣ್ಣೊರೆಸಿಕೊಂಡು ಹೇಳಿದಳು. "ಅವಳು ಸೊರಗ್ತಿದ್ದಾಳೆ ಅಂತ ನನಗೆ ಗೊತ್ತು. ಕೆಲಸ ಬಿಟ್ಬಿಡ್ತೀನಿ ಅಂತಿದ್ದೀನಿ. ಅತ್ತೆ ಈ ಊರಿನ ನೀರೇ ಆಗ್ತಿಲ್ಲ, ಮಗೂನ ಊರಿಗೆ ಕರ್ಕೊಂಡು ಹೋಗ್ತೀನಿ ಅಂತಿದ್ದಾರೆ."

ಕೂಸು ತಾಯಿಯನ್ನು ಬಿಟ್ಟು ಊರಿಗೆ ಹೋದರೆ ಉಳಿದ ಅಷ್ಟಿಷ್ಟು ಎದೆಹಾಲೂ ತಪ್ಪುತ್ತದೆ. ಹೋಗುವ ಮುಂಚೆ ಏನಾದರೂ ಮಾಡಲೇಬೇಕಿತ್ತು. ನಮ್ಮ ಮೆಡಿಕಲ್ ಆಫೀಸರ್ ಮಲರ್‌ವಿಳಿ ಡಾಕ್ಟರಮ್ಮ ತಿಳಿದವರು, ಆದರೆ ಮೂಗಿನ ತುದಿಯಲ್ಲಿ ಕೋಪ. ಹೇಳಿದ ಕೂಡಲೇ "ಇದೆಲ್ಲ ಮೂಢನಂಬಿಕೆ, ನಾಲ್ಕು ಮಾತು ಗಟ್ಟಿಯಾಗಿ ಹೇಳಿ ಕರೆದುಕೊಂಡು ಬಾ" ಎಂದರು. ಗಟ್ಟಿಯಾಗಿ ಹೇಳಿದರೆ ಜಯಮ್ಮ ಆ ಸಂಜೆಯೇ ಬಸ್ಸು ಹತ್ತುತ್ತಾರೆಂದು ನನಗೆ ಗೊತ್ತಿತ್ತು. ರಾಜಮ್ಮಾಳ್ ಅಕ್ಕನ ಮಾತು ನೆನಪಾಯಿತು. ನಾಳೆ ಅವರು ಬರಬೇಕೋ ಬೇಡವೋ?

ಉಪಾಯ ಹೊಳೆದದ್ದು ಬುಧವಾರ ಬೆಳಿಗ್ಗೆ, ಬಸುರಿಯರನ್ನು ತೂಗುವ ದೊಡ್ಡ ತಕ್ಕಡಿಯನ್ನು ಆಟೋದಿಂದ ಇಳಿಸುವಾಗ. ಬಸುರಿಯ ತೂಕದಲ್ಲಿ ಕೂಸಿನ ತೂಕವೂ ಇರುತ್ತದಲ್ಲ, ಕೂಸು ತಕ್ಕಡಿ ಹತ್ತಿತು ಎಂದು ಯಾರಾದರೂ ಅನ್ನುತ್ತಾರೆಯೇ? ಒಬ್ಬಳೇ ಗಟ್ಟಿಯಾಗಿ ನಕ್ಕೆ. ಆಟೋದವನು ತಿರುಗಿ ನೋಡಿದ.

ಸಂಜೆ ಜಯಮ್ಮ ದೂರದ ಬೆಂಚಿನಲ್ಲಿ ಕೂತಿದ್ದರು. ಹೋಗಿ ಕೇಳಿದೆ. "ಜಯಮ್ಮನವರೇ, ಹರಕೆ ಸಿರಿದು ತಾನೇ? ನಿಮ್ದಲ್ವಲ್ಲ?"

"ನಂದ್ಯಾಕವ್ವ? ನನ್ನ ತೂಗಕ್ಕೆ ಬೆಲ್ಲದ್ ಗಾಡಿನೇ ಬೇಕಾಯ್ತದೆ."

"ಹಾಗಾದ್ರೆ ನಿಮ್ಮನ್ನೇ ತೂಗ್ತೀನಿ, ಬನ್ನಿ. ಈ ವಯಸ್ಸಿಗೆ ಬಿ.ಪಿ., ತೂಕ ಎಲ್ಲ ನೋಡಿಸ್ಕೋಬೇಕು. ಮೊದಲು ಕೂಸನ್ನ ಎತ್ಕೊಂಡೇ ನಿಂತ್ಕೊಳ್ಳಿ, ಅಳ್ತಾ ಇದೆ ಪಾಪ. ಆಮೇಲೆ ಒಬ್ಬರೇ ನಿಂತ್ಕೊಳ್ಳಿ. ತೂಗೋದು ನಿಮ್ಮನ್ನ. ಕೂಸು ನಿಮ್ಮ ಸೊಂಟದ ಮೇಲಿರುತ್ತೆ, ತಕ್ಕಡಿ ಮೇಲಲ್ಲ."

ಜಯಮ್ಮ ನನ್ನನ್ನು ನೋಡಿದರು. ಅವರೇನು ದಡ್ಡರಲ್ಲ, ನಾನು ಏನು ಮಾಡುತ್ತಿದ್ದೇನೆಂದು ಪೂರಾ ತಿಳಿಯಿತು. ಬಹಳ ಹೊತ್ತು ಕುಲಾವಿಯ ದಾರ ಕಟ್ಟುತ್ತಾ ಬಿಚ್ಚುತ್ತಾ ಕೂತರು. ಅವರಿಗೂ ಕೂಸಿನ ಚಿಂತೆ ಒಳಗೊಳಗೇ ತಿನ್ನುತ್ತಿತ್ತು, ಒಂದು ದಾರಿ ಬೇಕಿತ್ತು ಅಷ್ಟೇ. "ನನ್ ತೂಕ ತಾನೆ? ನೋಡ್ಕೋ" ಎಂದು ಎದ್ದರು.

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಮೊದಲ ತೂಕದಿಂದ ಎರಡನೆಯದನ್ನು ಕಳೆದರೆ ಸಿರಿಯ ತೂಕ. ಬಾಯಿಬಿಟ್ಟು ಹೇಳಲಿಲ್ಲ, ಮನಸ್ಸಿನಲ್ಲೇ ಕಳೆದೆ. ಹೆದರಿದ್ದಕ್ಕಿಂತ ಕಡಿಮೆಯಿತ್ತು. ಜಯಮ್ಮನಿಗೆ ಬಿ.ಪಿ. ಬೇರೆ ಏರಿತ್ತು. "ನಾಳೆ ನಿಮ್ಮನ್ನ ಡಾಕ್ಟರಮ್ಮನಿಗೆ ತೋರಿಸಬೇಕು. ಕೂಸನ್ನೂ ಎತ್ಕೊಂಡು ಬನ್ನಿ, ಅದೊಂದನ್ನೇ ಬಿಟ್ಟು ಬರಕ್ಕಾಗುತ್ತಾ?" ಎಂದೆ. ಬಂದರು. ಕಾವ್ಯಳೂ ರಜೆ ಹಾಕಿ ಬಂದಳು.

ಮಲರ್‌ವಿಳಿ ಡಾಕ್ಟರಮ್ಮ ತಕ್ಕಡಿಯ ಮೇಲೆ ಅಜ್ಜಿ ನಿಂತದ್ದನ್ನು ಕಂಡು "ಪಾಟ್ಟಿಯ ಎದುಕ್ಕು ವೆಯ್ಟ್ ಪಾಕ್ಕುರೀಂಗ?" ಎಂದು ಗುಡುಗಿದರು, ಅಜ್ಜಿಯ ತೂಕ ಏತಕ್ಕೆ ಎಂದು. ಕಿವಿಯಲ್ಲಿ ಹೇಳಿದೆ. ಒಂದು ಗಳಿಗೆ ನನ್ನನ್ನೇ ದುರುಗುಟ್ಟಿ ನೋಡಿ, ನಗು ತಡೆಯಲು ಸ್ಟೆತಾಸ್ಕೋಪಿನ ಕಡೆ ಬಗ್ಗಿದರು. ಆಮೇಲೆ ಸಿರಿಯನ್ನು ಚೆನ್ನಾಗಿ ಪರೀಕ್ಷೆ ಮಾಡಿದರು. ರಕ್ತ ಕಡಿಮೆ, ಹೊಟ್ಟೆಗೆ ಸಾಲದು, ಬೇರೆ ರೋಗವೇನೂ ಕಾಣುತ್ತಿಲ್ಲ ಎಂದರು. ಡ್ರಾಪ್ಸ್ ಬರೆದುಕೊಟ್ಟು, ವಾರ ವಾರವೂ ಅಜ್ಜಿಯನ್ನು ತೂಗಲು ನನಗೆ ಹೇಳಿದರು.

ಹೊಟ್ಟೆಗೆ ಏಕೆ ಸಾಲದು ಎಂದು ನೋಡಲು ಅವರ ಮನೆಗೇ ಹೋದೆ. ಜಯಮ್ಮ ಊರಿನಿಂದ ತಂದ ರಾಗಿಯನ್ನು ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಸೋಸಿ, ಸರಿ ಕಾಸಿದ್ದರು. ಪರಿಮಳ ಎಷ್ಟು ಚೆನ್ನಾಗಿತ್ತು! ಆದರೆ ನೀರಿನಂತೆ ತೆಳ್ಳಗೆ. ಅಜೀರ್ಣವಾದೀತೆಂಬ ಭಯಕ್ಕೆ ಮತ್ತಷ್ಟು ಬಿಸಿನೀರು ಬೆರೆಸುತ್ತಿದ್ದರು. ಕೂಸಿನ ಹೊಟ್ಟೆ ತುಂಬುತ್ತಿತ್ತು, ಮೈ ತುಂಬುತ್ತಿರಲಿಲ್ಲ.

"ಚಮಚ ಓರೆ ಮಾಡಿದ್ರೆ ಜಾರಬಾರದು, ಅಷ್ಟು ಗಟ್ಟಿ ಇರಬೇಕು" ಎಂದೆ.

ಜಯಮ್ಮ ಸೊಂಟದ ಮೇಲೆ ಕೈಯಿಟ್ಟರು. "ಹುಟ್ದಾಗಿಂದ ಮುದ್ದೆ ತೊಳಸಿದ್ ಕೈ ಕಣವ್ವ ಇದು. ನಂಗೆ ಗಟ್ಟಿ ಹೇಳ್ಕೊಡ್ತೀಯಾ ನೀನು, ಸಾರನ್ನ ತಿನ್ನೋಳು?"

"ನಾನೂ ಅದನ್ನೇ ಕೇಳೋದು. ಮುದ್ದೆ ಉಂಡು ಬೆಳೆದ ಸೀಮೆಯವರು ಕೂಸಿಗೆ ಯಾಕೆ ಕಲಗಚ್ಚು ಕುಡಿಸ್ತೀರಿ?"

ಜಯಮ್ಮ ನನ್ನನ್ನು ನುಂಗುವ ಹಾಗೆ ನೋಡಿ, ಒಮ್ಮೆಲೇ ಗೊಳ್ಳೆಂದು ನಕ್ಕರು. "ಬಾಯಿ ಅಂದ್ರೆ ಬಾಯಿ ನಿಂದು!" ಎಂದು ಸೌಟು ಎತ್ತಿಕೊಂಡರು. ಅಂದಿನಿಂದ ಸರಿ ಗಟ್ಟಿಯಾಯಿತು, ಮೇಲೆ ತುಪ್ಪ ಬಿತ್ತು, ನುಣ್ಣಗೆ ಬೆಂದ ಬೇಳೆ, ಮಸೆದ ಬಾಳೆಹಣ್ಣು ಸೇರಿದವು. ಕಾವ್ಯ ಆಫೀಸಿಗೆ ಹೋಗುವ ಮುಂಚೆಯೂ ಬಂದ ಮೇಲೂ ಹಾಲು ಕುಡಿಸುವುದು, ಹಗಲಿಗೆ ಹಾಲು ಹಿಂಡಿ ಫ್ರಿಜ್ಜಿನಲ್ಲಿಟ್ಟು ಹೋಗುವುದು ಎಂದಾಯಿತು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಮೊದಲ ವಾರ ತೂಕ ಕದಲಲಿಲ್ಲ. ಎರಡನೆಯ ವಾರ ಸಿರಿಗೆ ಭೇದಿ ಹಿಡಿಯಿತು. ಜಯಮ್ಮ ಬಟ್ಟೆ ಗಂಟು ಕಟ್ಟಿಬಿಟ್ಟರು. ನಾನು ಓಡಿದೆ. ಓ.ಆರ್.ಎಸ್. ಪೊಟ್ಟಣ ಕಲಸಿ, ಚಮಚ ಚಮಚವಾಗಿ ಕುಡಿಸುತ್ತಾ ಅವರ ಪಕ್ಕದಲ್ಲೇ ಕೂತೆ. ಆಗ ಜಯಮ್ಮ ಅತ್ತರು. "ತಿಮ್ಮಪ್ಪ ಕೊಟ್ಟು ಕಿತ್ಕತಾನೇನೋ ಕಣವ್ವ. ಬೆಲ್ಲ ಎಷ್ಟು ಬೇಕಾಯ್ತದೆ ಅಂತ ಮನಸ್ನಾಗೆ ದಿನಾ ಲೆಕ್ಕ ಹಾಕ್ತಿದ್ದೆ. ದಿನಾ ಒಂದೊಂದ್ ಅಚ್ಚು ಕಮ್ಮಿ ಆಯ್ತಾ ಬಂತು." "ಕವಲೆ ಬೇಡ, ಚಿಂತೆ ಬೇಡ ಜಯಮ್ಮ. ಬೆಲ್ಲ ಜಾಸ್ತೀನೇ ತರಿಸೋಣ" ಎಂದೆ. ಧೈರ್ಯ ಅವರಿಗೆ ಹೇಳಿದ್ದೋ ನನಗೆ ಹೇಳಿಕೊಂಡದ್ದೋ, ಇವತ್ತಿಗೂ ತಿಳಿಯದು.

ಭೇದಿ ನಿಂತಿತು. ಗಂಟು ಬಿಚ್ಚಿತು. ಮುಂದಿನ ಬುಧವಾರ ಅಜ್ಜಿ ಕೂಸಿನ ಸಮೇತ ತಕ್ಕಡಿ ಹತ್ತಿದರು, ಆಮೇಲೆ ಒಬ್ಬರೇ ಹತ್ತಿದರು. ನಾನು ಕಳೆದೆ. ಮತ್ತೊಮ್ಮೆ ಕಳೆದೆ. ಏರಿತ್ತು! ಬಾಯಿ ಬಿಡಲಿಲ್ಲ, ಆದರೆ ಮುಖ ಮುಚ್ಚಿಡಲು ನನಗೆಲ್ಲಿ ಬರುತ್ತದೆ? ಜಯಮ್ಮ ನನ್ನ ಮುಖವನ್ನೇ ಓದಿ, ಕೂಸಿನ ಕೆನ್ನೆಗೆ ಬೆರಳು ಸವರಿ ನೆಟಿಗೆ ಮುರಿದರು. ಅದಾದ ಮೇಲೆ ವಾರ ವಾರವೂ ಏರಿತು.

ಇಷ್ಟರಲ್ಲಿ ಪಾರ್ಕಿನಲ್ಲಿ ಇನ್ನೊಂದು ಕಥೆ ಹಬ್ಬಿತ್ತು. ನರ್ಸಮ್ಮ ಜಯಮ್ಮನನ್ನು ತೂಗುತ್ತಾಳಂತೆ, ಬಿ.ಪಿ. ನೋಡಿ ಮಾತ್ರೆ ಕೊಡಿಸಿದಳಂತೆ. ಉಳಿದ ಅಜ್ಜಿಯರಿಗೆ ಸುಮ್ಮನಿರಲಾದೀತೇ? "ಎನ್ನಯುಂ ಪಾರುಂಗ ಸಿಸ್ಟರ್", ನನ್ನನ್ನೂ ನೋಡಿ ಎಂದು ತಮಿಳಿನ ಪಾಟ್ಟಿಯರು ಸಾಲು ನಿಂತರು, ತೆಲುಗಿನ ಅಮ್ಮಮ್ಮಂದಿರು ನಿಂತರು. ಸೊಂಟದ ಮೇಲೆ ಮೊಮ್ಮಕ್ಕಳಿಲ್ಲದೆ ಯಾರು ಬರುತ್ತಾರೆ? ಅಜ್ಜಿಗೆ ಬಿ.ಪಿ., ಕೂಸಿಗೆ ಲಸಿಕೆ, ತಪ್ಪಿಹೋದ ಡೋಸುಗಳೆಲ್ಲ ಒಂದೊಂದಾಗಿ ಸರಿಹೋದವು. ಕೊನೆಯಲ್ಲಿ ಜಯಮ್ಮ ಉಪ್ಪು ಮೆಣಸಿನಕಾಯಿ ಹಿಡಿದು ಎಲ್ಲ ಕೂಸುಗಳಿಗೂ ಸೇರಿಸಿ ದೃಷ್ಟಿ ನಿವಾಳಿಸುತ್ತಿದ್ದರು. ಖಾಲಿ ಇರುತ್ತಿದ್ದ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ಒಂದು ಬುಧವಾರ ಡಾಕ್ಟರಮ್ಮ ತಪಾಸಣೆಗೆ ಬಂದು, ಗದ್ದಲ ನೋಡಿ, ಬೈಯಲು ಏನೂ ಸಿಗದೆ ತಾವೇ ತಕ್ಕಡಿ ಹತ್ತಿದರು. ಅವರ ತೂಕ ನಾನು ಅವರ ಕಿವಿಯಲ್ಲೇ ಹೇಳಿದೆ.

ಸಿರಿಗೆ ವರ್ಷ ತುಂಬಿತು. ಹರಕೆ ಹೊತ್ತದ್ದು ತಿಮ್ಮಪ್ಪನಿಗೆ, ಇಂಥದೇ ಊರಿನ ಗುಡಿ ಎಂದೇನಿಲ್ಲ ಎಂದು ಜಯಮ್ಮನೇ ತೀರ್ಮಾನಿಸಿ, ವೆಸ್ಟ್ ಮಾಂಬಲಂನಲ್ಲಿ ನಮ್ಮ ಮನೆಯ ಹಿಂದಿನ ಬೀದಿಯ ದೇವಸ್ಥಾನ ಗೊತ್ತುಮಾಡಿದರು. ನನ್ನ ನಿವೃತ್ತಿಯೂ ಅದೇ ತಿಂಗಳು. ಕೇಂದ್ರದವರು ಹೊದಿಸಿದ ಶಾಲು ಎಲ್ಲಿದೆಯೋ ನೆನಪಿಲ್ಲ. ಆ ತುಲಾಭಾರ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ.

ತೊಲೆಯಿಂದ ದೊಡ್ಡ ತಕ್ಕಡಿ ತೂಗುಬಿಟ್ಟಿದ್ದರು. ಒಂದು ತಟ್ಟೆಯಲ್ಲಿ ಪುಟ್ಟ ರೇಷ್ಮೆ ಲಂಗದ ಸಿರಿ, ಸರಪಳಿ ಹಿಡಿದುಕೊಂಡು ಗಂಭೀರವಾಗಿ ಕೂತಿದ್ದಳು. ಇನ್ನೊಂದರಲ್ಲಿ ಮಹೇಶ ಊರಿನಿಂದ ತಂದ ಅಚ್ಚುಬೆಲ್ಲವನ್ನು ಜಯಮ್ಮ ಒಂದೊಂದಾಗಿ ಪೇರಿಸಿದರು. ಬುಟ್ಟಿಯ ಬೆಲ್ಲ ಅರ್ಧವಾಯಿತು, ಮುಕ್ಕಾಲಾಯಿತು. ಕೊನೆಯ ಅಚ್ಚೂ ಇಟ್ಟಾಯಿತು. ಸಿರಿಯ ತಟ್ಟೆ ನೆಲ ಬಿಟ್ಟು ಏಳಲಿಲ್ಲ.

ಅರ್ಚಕರು ಕತ್ತೆತ್ತಿ ನೋಡಿದರು. "ಇನ್ನೂ ಬೇಕಲ್ಲಮ್ಮಾ?"

ಜಯಮ್ಮ ಖಾಲಿ ಬುಟ್ಟಿಯನ್ನು ನೋಡಿದರು, ಮೊಮ್ಮಗಳನ್ನು ನೋಡಿದರು. ಪಿಸುಮಾತಿನಲ್ಲಿ ಕೂಡ ತೂಕದ ಮಾತೆತ್ತಲು ಬಿಡದಿದ್ದ ಹೆಂಗಸು, ಇಡೀ ದೇವಸ್ಥಾನಕ್ಕೆ ಕೇಳುವ ಹಾಗೆ ಕೂಗಿದರು: "ಸಾಲ್ನಿಲ್ಲ! ಬೆಲ್ಲ ಸಾಲ್ನಿಲ್ಲ ಕಣ್ರಪ್ಪೋ!" ಕಾವ್ಯ ನನ್ನ ಭುಜಕ್ಕೆ ಮುಖ ಒತ್ತಿಕೊಂಡು ಅತ್ತಳು. ಆವತ್ತು ಸಂಜೆ ಆಫೀಸಿನ ಕ್ಯಾಬಿನಿಂದ ಇಳಿದು ಅತ್ತಿದ್ದಳಲ್ಲ, ಆ ಅಳುವಲ್ಲ ಇದು. ನಾನೂ ಅತ್ತೆ, ಮುಚ್ಚುಮರೆಯೇನು.

ಮಹೇಶ ಬೀದಿಯ ಅಂಗಡಿಗೆ ಓಡಿ ನಮ್ಮೂರಿನ ಉಂಡೆಬೆಲ್ಲ ತಂದ. ಮದ್ದೂರಿನ ಅಚ್ಚಿನ ಮೇಲೆ ಮದರಾಸಿನ ಉಂಡೆ ಕೂತಿತು. ತಟ್ಟೆ ಮೆಲ್ಲಗೆ ಮೇಲೆದ್ದು ಸಮವಾಯಿತು, ಗಂಟೆ ಮೊಳಗಿತು. ಸಿರಿ ಬೆಲ್ಲದ ಕಡೆ ಕೈಚಾಚಿ ನಕ್ಕಳು.

ಜಯಮ್ಮ ಅವಳನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡು ನನ್ನ ಮುಂದೆ ಬಂದು ನಿಂತರು.

"ದೇವ್ರು ತೂಗಾಯ್ತು ನರ್ಸಮ್ಮ. ಬುಧವಾರ ನಿನ್ ಜಾಗಕ್ಕೆ ಯಾರೇ ಬರ್ಲಿ, ನಾವ್ ಬತ್ತೀವಿ. ಇನ್ಮ್ಯಾಕೆ ಇವಳ್ನೇ ತೂಗ್ಲಿ. ನನ್ನ ಬುಟ್ಬುಡಿ, ಸಾಕಾಯ್ತು!"